ಗಾಡಿಗೆ ಕುಡಿಸಿದ ನೀರು

ಬರೆದಿಟ್ಟರೆ ಯಾವ ತೊಂದರೆಯೂ ಅರ್ಧ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ. ಕಡಿಮೆಯಾದದ್ದನ್ನು ಇದುವರೆಗೆ ಕಂಡಿಲ್ಲ, ನಂಬಿಕೆಯನ್ನೂ ಬಿಟ್ಟಿಲ್ಲ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಮುಗಿದ ದಿನ, ಒಂದು ಟೂತ್‌ಪೇಸ್ಟ್ ಎಷ್ಟು ದಿನ ಬಂತು, ಅಮ್ಮ ಒಂದು ವಾರದಲ್ಲಿ ನನ್ನ ಮದುವೆಯ ಮಾತನ್ನು ಎಷ್ಟು ಸಲ ಎತ್ತಿದರು (ಹನ್ನೊಂದು, ಭಾನುವಾರ ಒಂದೇ ದಿನ ಐದು) ಎಲ್ಲವೂ ನನ್ನ ಡೈರಿಯಲ್ಲಿದೆ. ಒಮ್ಮೆ ಅಮ್ಮ ಆ ಪುಟವನ್ನು ಓದಿಬಿಟ್ಟು, "ಇಷ್ಟ್ ಲೆಕ್ಕ ಬರುದ್ರ ಬದ್ಲ್ ಒಂದ್ ಸಲ ಹ್ಞೂಂ ಅಂದಿದ್ರೆ ಲೆಕ್ಕವೇ ಮುಗಿತಿತ್ತ್" ಎಂದರು. ಅದನ್ನೂ ಬರೆದುಕೊಂಡೆ, ಹನ್ನೆರಡನೆಯದಾಗಿ.

ಇಂಥ ನನ್ನ ಕೈಗೆ ಒಂದು ಗಾಡಿ ಸಿಕ್ಕಿತು. ಗಾಡಿ ನನ್ನದಲ್ಲ, ಗಿರಿಜತ್ತೆಯದು. ಗಿರಿಜತ್ತೆ ಅಪ್ಪಯ್ಯನ ಅಕ್ಕ. ಬೆಳಿಗ್ಗೆ ನಮ್ಮೂರು ಕೋಡಿಯ ಕಡಲ ದಡದಲ್ಲಿ ದೋಣಿಯಿಂದ ಇಳಿದ ಮೀನನ್ನು ಐಸು ಹಾಕಿ ತುಂಬಿಸಿಕೊಂಡು, ಬಸ್ರೂರು ದಾಟಿ, ಹಾಲಾಡಿಯ ರಸ್ತೆ ಹಿಡಿದು, ಶಂಕರನಾರಾಯಣದವರೆಗೆ ಮನೆ ಮನೆಗೆ ಮಾರುವುದು ಅವರ ಕೆಲಸ. ಹಿಂದೆಲ್ಲ ಬುಟ್ಟಿ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದರಂತೆ. ಮೀನಿನ ಬುಟ್ಟಿ ಕಂಡ ಕೂಡಲೇ ಕೆಲವು ಕಂಡಕ್ಟರುಗಳ ಕಣ್ಣಿಗೆ ಖಾಲಿ ಬಸ್ಸೂ ತುಂಬಿದಂತೆ ಕಾಣುತ್ತಿತ್ತಂತೆ. ಆ ಸಿಟ್ಟಿಗೇ ಅವರು ಹಳೆಯದೊಂದು ಪಿಕಪ್ ಕೊಂಡರು. ಅದು ನನಗಿಂತ ಎರಡೇ ವರ್ಷ ಚಿಕ್ಕದು. ಡಿಗ್ರಿ ಮುಗಿಸಿ, ಸರ್ಕಾರಿ ಪರೀಕ್ಷೆಗಳನ್ನು ಬರೆಯುತ್ತಾ ಕುಳಿತಿದ್ದ ನಾನು ಒಂದೂವರೆ ವರ್ಷದ ಹಿಂದೆ ಅದರ ಡ್ರೈವರಾದೆ.

ಜನವರಿಯ ಎರಡನೆಯ ವಾರದಿಂದ ಗಾಡಿಗೆ ಜ್ವರ ಶುರುವಾಯಿತು. ಹಾಲಾಡಿಯ ಕಡೆಯ ಏರು ಬಂತೆಂದರೆ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತಿತ್ತು. ಆಮೇಲೆ ಬಾನೆಟ್ಟಿನಿಂದ ಹಬೆ. ನಾನು ಗಾಡಿ ನಿಲ್ಲಿಸಿ, ಇಂಜಿನ್ ಆರುವ ತನಕ ಕಾದು (ಸರಾಸರಿ ಇಪ್ಪತ್ತೈದು ನಿಮಿಷ), ರೇಡಿಯೇಟರಿಗೆ ಕ್ಯಾನಿನ ನೀರು ಹೊಯ್ಯುತ್ತಿದ್ದೆ. ಕ್ಯಾನು ಖಾಲಿಯಾದರೆ ಹತ್ತಿರದ ಮನೆಯ ಗೇಟಿಗೆ ಹೋಗಿ ಒಂದು ಕೊಡ ನೀರು ಕೇಳುತ್ತಿದ್ದೆ. ಡೈರಿಯಲ್ಲಿ ಇದಕ್ಕೆಂದೇ ನಾಲ್ಕು ಕಾಲಮ್ಮು ಹಾಕಿದೆ: ದಿನಾಂಕ, ನಿಂತ ಜಾಗ, ನಿಂತ ಕಾರಣ, ಹೊಯ್ದ ನೀರು. ಐದು ವಾರದಲ್ಲಿ ನಲವತ್ತಮೂರು ಸಲ ನಿಂತಿದ್ದೆವು.

ನಲವತ್ತಮೂರು ಸಲ ನಿಂತದ್ದರ ನಷ್ಟ ಗಿರಿಜತ್ತೆಗೆ. ಅದೇ ದಾರಿಯಲ್ಲಿ ಹೊಸ ಗಾಡಿಯವನೊಬ್ಬ ಮೈಕಿನಲ್ಲಿ ಹಾಡು ಹಾಕಿಕೊಂಡು ಮೀನು ಮಾರಲು ಶುರು ಮಾಡಿದ್ದ. ನಾವು ಶಂಕರನಾರಾಯಣ ಮುಟ್ಟುವ ಹೊತ್ತಿಗೆ ನಮ್ಮ ಖಾಯಂ ಮನೆಗಳ ಒಲೆಯ ಮೇಲೆ ಅವನ ಬಂಗುಡೆ ಕುದಿಯುತ್ತಿರುತ್ತಿತ್ತು. ಒಂದು ದಿನ ಅರ್ಧ ಪೆಟ್ಟಿಗೆ ಮೀನು ಕರಗಿದ ಐಸಿನಲ್ಲಿ ತೇಲುತ್ತಾ ಕೋಡಿಗೆ ವಾಪಸು ಬಂದಾಗ ಗಿರಿಜತ್ತೆ ಸೆರಗು ಬಿಗಿದು ಹೇಳಿದರು: "ಇನ್ನ್ ಒಂದ್ ವಾರ ಕಾದ್ ಕಾಂತೆ. ಸರಿ ಆಯ್ಲ ಅಂದ್ರೆ ಗುಜರಿಗೆ ಕೊಟ್ಟ್ ಮನೆಲಿ ಕೂಕಂತೆ. ಈ ಪ್ರಾಯದಲ್ ಮತ್ತೆ ಬುಟ್ಟಿ ಹೊತ್ಕಂಡ್ ಬಸ್ಸಿಗ್ ಹತ್ತುಕೆ ನನ್ನ್ ಹತ್ರ ಆತಿಲ್ಲ."

ಹೀಗೆ ನಾವು ತೆಕ್ಕಟ್ಟೆಯ ಶೀನಣ್ಣನ ಗ್ಯಾರೇಜಿಗೆ ಹೋದೆವು. ಶೀನಣ್ಣ ಮುಂಬಯಿಯಲ್ಲಿ ಟ್ಯಾಕ್ಸಿ ರಿಪೇರಿ ಮಾಡುತ್ತಾ ಮೂವತ್ತು ವರ್ಷ ಕಳೆದು ಊರಿಗೆ ಬಂದವರು. ನಾನು ಹೆಮ್ಮೆಯಿಂದ ಡೈರಿ ಬಿಡಿಸಿ ಅವರ ಕೈಗಿತ್ತೆ. ನನ್ನ ಡೈರಿಯನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ. ಕನ್ನಡಕ ಮೂಗಿನ ತುದಿಗಿಳಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಗೆ, "ಎಲ್ಲ ಬರ್ದಿದ್ದೆ ಮಾರಾಯ್ತಿ, ಲಾಯ್ಕ್ ಇತ್ತ್. ಈ ಕ್ಯಾನಿನ್ ನೀರ್ ಎಲ್ಲಿದ್?" ಎಂದು ಕೇಳಿದರು.

"ನಮ್ಮ ಮನೆ ಬಾವಿದ್" ಎಂದೆ.

"ಕೋಡಿ ಬಾವಿದಾ? ಅದ್ನ ನೀವ್ ಕುಡಿತ್ರ್ಯಾ?"

"ಇಲ್ಲಪ್ಪ, ಅದ್ ಸವುಳ್. ಕುಡುಕೆ ನಳ್ಳಿ ನೀರ್. ಅದ್ನ ಗಾಡಿಗ್ ಹಾಕಿ ದಂಡ ಮಾಡುದ್ ಎಂತಕೆ ಅಂತ..."

ಶೀನಣ್ಣ ಕ್ಯಾನಿನ ಮುಚ್ಚಳ ತೆಗೆದು, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಗಿರಿಜಕ್ಕ, ಇದ್ರಲ್ ಮೀನ್ ಉಪ್ಪಿಗ್ ಹಾಕುಕೆ ಆತ್ತ್. ಒಂದೂವರೆ ವರ್ಷ ಇದನ್ನೇ ಕುಡ್ಸಿರೆ ಗಾಡಿ ಹೊಟ್ಟೆ ಎಂತ ಆಯ್ಕ್?"

ಗಿರಿಜತ್ತೆ ನನ್ನ ಕಡೆ ನೋಡಿದರು. ನಾನು ಕ್ಯಾನಿನ ಕಡೆ ನೋಡಿದೆ. ದಿನಾ ಬೆಳಿಗ್ಗೆ ತಪ್ಪದೆ ಐದು ಲೀಟರ್ ತುಂಬಿಸಿ, ತುಂಬಿಸಿದ್ದಕ್ಕೆ ಡೈರಿಯಲ್ಲಿ ಟಿಕ್ ಹಾಕಿ ನಾನು ಗಾಡಿಗೆ ತುಕ್ಕು ಹಿಡಿಸಿದ್ದೆ. ರೋಗಿಯ ಹತ್ತಿರ ಕುಳಿತು ಹೊತ್ತು ಹೊತ್ತಿಗೆ ವಿಷ ಕೊಟ್ಟು, ಕೊಟ್ಟ ಹೊತ್ತನ್ನು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟ ನರ್ಸಿನಂತಾಯಿತು ನನ್ನ ಸ್ಥಿತಿ.

ಶೀನಣ್ಣ ಒಂದು ಎಚ್ಚರಿಕೆ ಕೊಟ್ಟರು. ಹಳೆಯ ರೇಡಿಯೇಟರಿನಲ್ಲಿ ಎಷ್ಟೋ ಸಲ ತೂತನ್ನು ತುಕ್ಕೇ ಮುಚ್ಚಿಕೊಂಡಿರುತ್ತದಂತೆ, ತೊಳೆದರೆ ಅದು ಬಾಯಿಬಿಡಬಹುದಂತೆ. "ಕಚ್ರ ತೆಗ್ದ್ರೆ ಒಳ್ಗಿಂದ್ ಖರೆ ಕಾಂತ್. ಗಾಡಿ ಉಳಿಯುಕೂ ಸಾಕ್, ಹೋಪುಕೂ ಸಾಕ್. ತೊಳಿಕಾ?" ಗಿರಿಜತ್ತೆ ಗಾಡಿಯ ಬಾಗಿಲಿನ ಮೇಲೆ ಕೈಯಿಟ್ಟರು. ಆಮೇಲೆ, "ತೊಳೆದ್ ಬಿಡಿ. ಮುಚ್ಕಂಡ್ ಎಷ್ಟ್ ದಿನ ಓಡ್ಸುದ್" ಎಂದರು.

ಮುಂದಿನ ಎರಡು ದಿನ ನಾನು ಕಂಡದ್ದನ್ನು ಹೊಗಳದೆ ಬರೆಯಲು ನನಗೆ ಬರುವುದಿಲ್ಲ. ಶೀನಣ್ಣ ಮೊದಲು ಇಂಜಿನ್ ಪೂರ್ತಿ ಆರಲು ಬಿಟ್ಟರು. ನಾನು ಗಡಿಯಾರ ನೋಡುತ್ತಿದ್ದೆ, ಅವರು ಅಂಗೈಯಿಂದ ಇಂಜಿನ್ ಮುಟ್ಟಿ ನೋಡುತ್ತಿದ್ದರು. ಅಡಿಯ ತಿರುಪು ಬಿಚ್ಚಿದ ಕೂಡಲೇ ಬಕೆಟಿಗೆ ಬಿದ್ದದ್ದು ನೀರಲ್ಲ, ಕೆಸರು. ರಾಗಿ ಗಂಜಿಗೆ ಇಟ್ಟಿಗೆ ಪುಡಿ ಕಲಸಿದ ಹಾಗೆ. ತೊಳೆಯುವ ಔಷಧಿ ಸೇರಿಸಿ ಒಳ್ಳೆಯ ನೀರು ತುಂಬಿಸಿ, ಇಂಜಿನ್ ಬಿಸಿ ಮಾಡಿ, ಮತ್ತೆ ಆರಿಸಿ ಬಸಿದರು. ಆಮೇಲೆ ಪೈಪುಗಳನ್ನು ಕಳಚಿ, ನೀರು ದಿನಾ ಹೋಗುವ ದಿಕ್ಕಿಗೆ ಎದುರಾಗಿ ಹೋಸ್ ಪೈಪಿನಿಂದ ನೀರು ಬಿಟ್ಟರು. "ಬಂದ್ ದಾರಿಲೇ ವಾಪಸ್ ಕಳ್ಸುಕ್. ಮುಂದೆ ದೂಡಿರೆ ಇನ್ನೂ ಒಳ್ಗ್ ಹೋಯಿ ಕೂಕಂತ್" ಎಂದರು. ಪ್ರತಿ ಸಲ ಬಸಿದಾಗಲೂ ಒಂದು ಗಾಜಿನ ಬಾಟಲಿಗೆ ನೀರು ಹಿಡಿದು ಮೋಟುಗೋಡೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಮೊದಲನೆಯದು ಕಷಾಯ, ಎರಡನೆಯದು ಕಾಫಿ, ನಾಲ್ಕನೆಯದು ಹಾಲು ಕಡಿಮೆಯಾದ ಚಹಾ, ಏಳನೆಯದು ಬೆಲ್ಲದ ನೀರು. ಒಂಬತ್ತನೆಯ ಬಾಟಲಿಯ ಹಿಂದಿನಿಂದ ರಸ್ತೆಯಲ್ಲಿ ಹೋಗುವ ಬಸ್ಸು ಸ್ಪಷ್ಟವಾಗಿ ಕಂಡಿತು. ಒಂದಕ್ಷರ ಬರೆಯದೆ ಆ ಮನುಷ್ಯ ನನ್ನ ಡೈರಿಗಿಂತ ಖಚಿತವಾದ ಲೆಕ್ಕವನ್ನು ಬಿಸಿಲಿಗಿಟ್ಟಿದ್ದರು. ಐದನೆಯದಕ್ಕೇ ನಾನು "ಸಾಕಲ್ದಾ ಶೀನಣ್ಣ?" ಎಂದಿದ್ದೆ. "ನಿಂಗ್ ಸಾಕ್, ಗಾಡಿಗ್ ಸಾಕಾತಿಲ್ಲ" ಎಂದಿದ್ದರು.

ತೂತು ಇತ್ತು. ಎರಡನೆಯ ದಿನ ಮಧ್ಯಾಹ್ನ ನೀರು ತುಂಬಿಸಿ ಇಂಜಿನ್ ಓಡಿಸಿದಾಗ ರೇಡಿಯೇಟರಿನ ಕೆಳಮೂಲೆಯಲ್ಲಿ ಒಂದು ಹನಿ ಕಾಣಿಸಿತು, ಬಿತ್ತು, ಇನ್ನೊಂದು ಬಂತು. ಗಿರಿಜತ್ತೆ ಬೆಂಚಿನಿಂದ ಎದ್ದು ಹೊರಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಹನಿಗಳನ್ನು ಎಣಿಸುವ ಧೈರ್ಯ ನನಗೂ ಬರಲಿಲ್ಲ. ಶೀನಣ್ಣ ಮಾತ್ರ ಸೀಮೆಸುಣ್ಣದಿಂದ ಅಲ್ಲೊಂದು ಗುರುತು ಹಾಕಿ, ಎಲ್ಲವನ್ನೂ ಮತ್ತೆ ಬಸಿದು, ರೇಡಿಯೇಟರ್ ಇಳಿಸಿ, ಬೆಸುಗೆಗೆ ಕುಳಿತರು. "ಹ್ವಾಯ್ ಗಿರಿಜಕ್ಕ, ಒಳ್ಗೆ ಬನ್ನಿ. ಇದ್ ಹಳೇ ಕಾಲದ್ ಹಿತ್ತಾಳಿ, ಬೆಸುಗೆ ಹಿಡಿತ್ತ್. ಈಗಿನ್ ಪ್ಲಾಸ್ಟಿಕ್ ಆಯಿದ್ರೆ ಬಿಸಾಡುಕೇ ಸೈ." ಸಂಜೆಯ ಹೊತ್ತಿಗೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಇಂಜಿನ್ ತಣಿಸುವ ಹಸಿರು ಕೂಲೆಂಟ್ ಬೆರೆಸಿ ತುಂಬಿಸಿದರು. ಅರ್ಧ ಗಂಟೆ ಇಂಜಿನ್ ಓಡಿತು. ಗಾಡಿಯ ಅಡಿಗೆ ಹಾಸಿದ ಪೇಪರ್ ಒಣಗಿಯೇ ಇತ್ತು. ಶೀನಣ್ಣ ಕ್ಯಾನನ್ನು ನನ್ನ ಕೈಗೆ ಕೊಟ್ಟು, "ಇದ್ರಲ್ ಇನ್ನ್ ಮೇಲೆ ಕಾಲ್ ತೊಳ್ಕೊ" ಎಂದರು.

ಮರುದಿನ ಏರು ಹತ್ತುವಾಗ ನಾನೂ ಗಿರಿಜತ್ತೆಯೂ ಉಸಿರಾಡಲಿಲ್ಲ. ಮುಳ್ಳು ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಹಾಡಿನ ಗಾಡಿಗಿಂತ ಮುಕ್ಕಾಲು ಗಂಟೆ ಮೊದಲೇ ಶಂಕರನಾರಾಯಣ ಸೇರಿ, ಪೆಟ್ಟಿಗೆ ಖಾಲಿ ಮಾಡಿ ಬಂದೆವು. ಗಿರಿಜತ್ತೆ ಗುಜರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಏರಿನ ನಡುವೆ ಒಬ್ಬ ಹೆಂಗಸು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದರು. ನಾನು ಎಷ್ಟೋ ಸಲ ನೀರು ಕೇಳಿದ ಮನೆಯ ಸರೋಜಕ್ಕ.

"ಎಂತ ಮಾರಾಯ್ತಿ, ಎರ್ಡ್ ದಿನ ಆಯ್ತ್, ನಿಲ್ಸ್ದೆ ಹೋತ್ರಿ? ನಮ್ಮ್ ಬಾವಿ ನೀರ್ ಬ್ಯಾಡ ಆಯ್ತಾ? ಮೀನಿಲ್ದೆ ಗಂಡ ಉಣ್ಣುದಿಲ್ಲ ಅಂತ ಕೂತಿರ್."

ಗಿರಿಜತ್ತೆ ತಡಮಾಡದೆ ಕೆಳಗಿಳಿದರು. "ನಿಮ್ ನೀರ್ ಬ್ಯಾಡ ಅಂದ್ರೆ ಆತ್ತಾ ಸರೋಜಕ್ಕ? ಗಾಡಿಗ್ ಬ್ಯಾಡ, ಈ ಹುಡ್ಗಿಗ್ ಬಾಯಾರ್ಕಿ. ಒಂದ್ ಚೊಂಬ್ ಕೊಡಿ" ಎಂದು ಹೇಳಿ ಬಂಗುಡೆ ತೂಗಿದರು.

ಆಮೇಲೆ ತಿಳಿಯಿತು. ಗಾಡಿ ಕೆಟ್ಟು ನಿಂತಲ್ಲೆಲ್ಲ ಗಿರಿಜತ್ತೆ ಸುಮ್ಮನೆ ಕುಳಿತಿರಲಿಲ್ಲ; ಏರಿನಲ್ಲಿ ನಾಲ್ಕು ಹೊಸ ಮನೆ ಹಿಡಿದಿದ್ದರು. ನಿಂತ ಕಾರಣ, ಹೊಯ್ದ ನೀರು ಎಲ್ಲ ಬರೆದ ನನ್ನ ಡೈರಿಯಲ್ಲಿ ಆ ನಾಲ್ಕು ಮನೆಗಳ ಹೆಸರೇ ಇರಲಿಲ್ಲ. ನೀರು ಕೇಳದೆ ಬರೀ ಮೀನು ಮಾರಲು ನಿಂತರೆ ಚೆಂದವಲ್ಲ, ಅವರು ಕಷ್ಟಕ್ಕೆ ನೀರು ಕೊಟ್ಟವರು ಎಂಬುದು ಗಿರಿಜತ್ತೆಯ ನ್ಯಾಯ. ಹಾಗಾಗಿ ಈಗ ಗಾಡಿ ಒಂದು ಹನಿ ನೀರೂ ಕೇಳದೆ ಏರು ಹತ್ತುತ್ತದೆ. ನಾನು ನಾಲ್ಕು ಗೇಟಿನಲ್ಲಿ ನಾಲ್ಕು ಚೊಂಬು ನೀರು, ಬೆಲ್ಲದ ತುಂಡಿನ ಸಮೇತ, ನಗುನಗುತ್ತಾ ಕುಡಿಯುತ್ತೇನೆ. ಹಾಲಾಡಿ ದಾಟಿದ ಮೇಲೆ, ನಾನು ಕುಡಿದ ನೀರನ್ನು ಇಳಿಸಲು, ಒಂದು ಸಲ ನಾವು ನಿಲ್ಲಲೇಬೇಕಾಗುತ್ತದೆ. ನಿಂತ ಕಾರಣದ ಕಾಲಮ್ಮಿನಲ್ಲಿ ಇನ್ನು ಗಾಡಿಯ ಮೇಲೆ ತಪ್ಪು ಹೊರಿಸುವಂತಿಲ್ಲ.