ಸೀಸದ ಡಬ್ಬಿಯೊಂದಿಗೆ ಆಲ್ದೂರಿನವರೆಗೆ

ತೊಂಬತ್ತರ ದಶಕದಲ್ಲಿ ನಾನು ಕಳಸದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ವಿಕಿರಣದ ವಿಷಯದಲ್ಲಿ ಆ ಸೀಮೆಗೆಲ್ಲ ನಾನೊಬ್ಬನೇ ಪಂಡಿತ. ಹಾಗೆಂದು ಹೇಳುತ್ತಿದ್ದವನೂ ನಾನೊಬ್ಬನೇ!

ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಒಂದು ಸೀಸದ ಡಬ್ಬಿಯಿತ್ತು. ಅದರೊಳಗೆ, ಪಾಠದಲ್ಲಿ ತೋರಿಸಲೆಂದು ಯಾವ ಕಾಲದಲ್ಲೋ ತರಿಸಿದ್ದ, ಅಂಗಿಯ ಗುಂಡಿಯಷ್ಟು ವಿಕಿರಣಶೀಲ ಬಿಲ್ಲೆ. ಇತಿಹಾಸ ಓದಿಕೊಂಡ ನಮ್ಮ ಪ್ರಾಂಶುಪಾಲರಿಗೆ ಈ ಸಂಗತಿ ತಿಳಿದದ್ದೇ ತಡ, ಬಾಗಿಲಾಚೆಯಿಂದಲೇ ಅಪ್ಪಣೆಯಾಯಿತು: "ಮೊದ್ಲು ಇದನ್ನ ಸಾಗಹಾಕ್ರೀ!"

"ನನಗೆ ಬಿಡಿ ಸಾರ್," ಎಂದೆ.

ಚಿಕ್ಕಮಗಳೂರಿನ ಯಾವುದಾದರೂ ಸರ್ಕಾರಿ ಕಚೇರಿಗೆ ಒಪ್ಪಿಸಿ ಬರುವುದೆಂದು ತೀರ್ಮಾನಿಸಿದೆ. ಯಾವ ಕಚೇರಿ? ಅಂಥ ಕ್ಷುಲ್ಲಕ ಪ್ರಶ್ನೆಗಳು ಪಂಡಿತರಿಗೆ ಏಳುವುದಿಲ್ಲ.

"ತಿಳಿದವ್ರನ್ನ ಒಂದ್ ಮಾತು ಕೇಳ್ಬಾರ್ದಾ?" ಎಂದಳು ಹೆಂಡತಿ.

"ತಿಳಿದವನು ನಾನೇ ಕಣೇ!"

"ಅದೇ ಭಯ," ಎಂದು ಒಳಗೆ ಹೋದಳು.

ಡಬ್ಬಿಯನ್ನು ಕೈಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಆಲ್ದೂರು ಹತ್ತಿರ ಬರುವಾಗ ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಅದು ಜಗ್ಗಲಿಲ್ಲ.

"ಕಲ್ಲು ತುಂಬಿದೀರೇನ್ರೀ?"

ಸುಮ್ಮನಿರಬಹುದಿತ್ತು. ಆದರೆ ಮೇಷ್ಟರ ನಾಲಿಗೆ! ವಿಕಿರಣವೆಂದರೇನು, ಅದು ಮೂಳೆಯನ್ನು ಹೇಗೆ ಹೊಗುತ್ತದೆ ಎಂದು ಇಡೀ ಬಸ್ಸಿಗೆ ಕೇಳುವಂತೆ ವಿವರಿಸಿದೆ. ನನ್ನ ವೃತ್ತಿಜೀವನದಲ್ಲೇ ಇಷ್ಟು ಗಮನವಿಟ್ಟು ಪಾಠ ಕೇಳಿದವರಿಲ್ಲ. ಪಕ್ಕದಲ್ಲಿದ್ದ ಹೆಂಗಸು ಕಿರುಚಿದಳು. ಬಸ್ಸು ನಿಂತಿತು.

"ಇಳೀರಿ ಮಾರಾಯ್ರೆ, ನಮಗೆ ಹೆಂಡ್ತಿ ಮಕ್ಳಿದಾರೆ!" ಎಂದ ಕಂಡಕ್ಟರ್.

ಇಳಿದೆ. ಚಿಕ್ಕಮಗಳೂರಿನ ಆಸೆ ಬಿಟ್ಟು ಮರಳುವಾಗ ಬಾಳೆಹೊನ್ನೂರಿನವರೆಗೆ ಒಂದು ಎಸ್ಟೇಟ್ ಜೀಪು ಸಿಕ್ಕಿತು. ಈ ಸಲ ಜಾಣನಾದೆ. ಚೀಲದಲ್ಲಿ ಉಪ್ಪಿನಕಾಯಿ ಎಂದೆ.

"ಮಿಡಿನಾ? ಒಂದೆರಡು ಕೊಡಿ ಸಾರ್!" ಎಂದು ಡ್ರೈವರ್ ಕೈಚಾಚಿದ. ನಾನು ಚೀಲವನ್ನು ಅಪ್ಪಿ ಹಿಡಿದೆ. ಇಂಥ ಜುಗ್ಗನನ್ನು ಕಂಡೇ ಇಲ್ಲವೆಂಬಂತೆ ಅವನು ದಾರಿಯುದ್ದಕ್ಕೂ ನನ್ನೊಡನೆ ಮಾತು ಬಿಟ್ಟ.

ಡಬ್ಬಿ ಮತ್ತೆ ಬೀರು ಸೇರಿತು. ಕೊನೆಗೆ ಪ್ರಾಂಶುಪಾಲರೇ ಸಂಬಂಧಪಟ್ಟವರಿಗೆ ಫೋನ್ ಮಾಡಿದರು. ಒಂದೇ ಒಂದು ಫೋನ್! ಇಬ್ಬರು ಅಧಿಕಾರಿಗಳು ದಪ್ಪ ಪೆಟ್ಟಿಗೆ, ಅಳೆಯುವ ಯಂತ್ರ ಸಮೇತ ಬಂದರು. ಬಿಲ್ಲೆ ಭದ್ರವಾಗಿತ್ತು. ನನ್ನ ಯಾತ್ರೆಯ ಕಥೆ ಕೇಳಿ ಹಿರಿಯ ಅಧಿಕಾರಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಬೀರುವಿನಲ್ಲಿ ಬೀಗ ಹಾಕಿಟ್ಟಷ್ಟು ದಿನ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಇವರ ಕೈಗೆ ಯಾಕೆ ಕೊಟ್ರಿ?"

ಯಂತ್ರವನ್ನು ನನ್ನ ತಲೆಯಿಂದ ಕಾಲಿನವರೆಗೆ ಆಡಿಸಿದರು. ಅದು ತುಟಿಪಿಟಕ್ಕೆನ್ನಲಿಲ್ಲ.

ಪ್ರಾಂಶುಪಾಲರು ಆಸೆಯಿಂದ ಕೇಳಿದರು: "ಹಾಗಾದ್ರೆ ಇವರನ್ನ ತಗೊಂಡು ಹೋಗಲ್ವಾ?"