ಮಕ್ಕಳಿಲ್ಲದ ಕಾರಣ ಎಣಿಕೆಗೆ ಸಿಗದ ಬಸಮ್ಮನವರ ಕಂಬಳಿ

ಇಂದ:
ಚಂದ್ರಶೇಖರಪ್ಪ, ನಿವೃತ್ತ ರೈಟರ್ (ಆಳುಗಳ ಲೆಕ್ಕ),
ಹುಲಿಕೊಂಬೆ ಎಸ್ಟೇಟ್, ಮಲ್ಲಂದೂರು

ಗೆ:
ಗಣಕಯಂತ್ರದವರು,
ಅದೇ ಎಸ್ಟೇಟಿನ ಕಚೇರಿ, ಕಿಟಕಿ ಪಕ್ಕದ ಮೇಜು

ಮೂಲಕ: ಚಿ. ದರ್ಶನ್, ಕಂಪ್ಯೂಟರ್ ಆಪರೇಟರ್

ವಿಷಯ: ಬಸಮ್ಮನವರು ಇದ್ದಾರೆಂದು ಒಪ್ಪಿಕೊಳ್ಳುವ ಕುರಿತು.

ಉಲ್ಲೇಖ: 2003ರ ಮೇ ಕೊನೆಯಲ್ಲಿ ತಾವು ಹೊರಗೆಡವಿದ ಕಂಬಳಿ ಪಟ್ಟಿ.

ಮಾನ್ಯ ಯಂತ್ರವೇ,

1974ರ ಮುಂಗಾರಿನಲ್ಲಿ, ಹಳ್ಳದ ಕಾಲುಸಂಕ ಕೊಚ್ಚಿಹೋದ ದಿನ, ಸೊಂಟಮಟ್ಟದ ನೀರನ್ನು ಹಗ್ಗ ಹಿಡಿದು ದಾಟಿ, ಆಚೆಯ ಕೂಲಿ ಲೈನುಮನೆಗಳ ಪ್ರತಿ ಒಲೆಯ ಮುಂದೆ ನಿಂತು ಆಳುಗಳನ್ನು ಎಣಿಸಿದವನು ನಾನು. ಮೊದಲು ಆಳು, ಆಮೇಲೆ ಅವರ ಮಕ್ಕಳು, ಅದು ಮುಗಿದ ಮೇಲೆ ಅವರ ಕೆಲಸಗಳು. ಬೇರೆಬೇರೆಯಾಗಿ ಎಣಿಸಿ, ಕೊನೆಗೆ ಆಳಿನ ಹೆಸರಿನ ಮುಂದೆ ಇಟ್ಟೆನು. ಮಕ್ಕಳಿಲ್ಲದವರ ಮುಂದೆ ಸೊನ್ನೆ ಬರೆದೆನೇ ಹೊರತು ಅವರನ್ನೇ ಸೊನ್ನೆ ಮಾಡಲಿಲ್ಲ. ಆ ವರ್ಷ ಒಂದು ಕಂಬಳಿಯೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಇದು ತಮಗೆ ತಿಳಿಯದಿರುವುದು ಎಳೆಯ ವಯಸ್ಸಿನ ದೋಷವೆಂದು ಭಾವಿಸಿ ನಿವೇದಿಸುವುದೇನೆಂದರೆ:

೧. ಮಳೆಗೆ ಮುಂಚೆ ಆಳಿಗೊಂದು ಕಂಬಳಿ ಕೊಡುವುದು ಈ ಎಸ್ಟೇಟಿನ ರೂಢಿ. ಹೆಸರು ಕೂಗಬೇಕು, ಆಳು ‘ಓ’ ಎನ್ನಬೇಕು, ಕಂಬಳಿ ಕೈಸೇರಬೇಕು.

೨. ತಾವು ಆಳು, ಮಕ್ಕಳು, ಕೆಲಸ ಎಂಬ ಮೂರು ಕೋಷ್ಟಕಗಳನ್ನು ಒಂದೇ ಪ್ರಶ್ನೆಯಲ್ಲಿ ಜೋಡಿಸಿ, ಬಂದ ಸಾಲುಗಳನ್ನೆಲ್ಲ ಆಳುಗಳೆಂದು ಎಣಿಸಿದಿರಿ. ಗಿಡ್ಡಪ್ಪನಿಗೆ ಮೂವರು ಮಕ್ಕಳು. ಕಳೆ ತೆಗೆಯುವುದು, ನೆರಳುಮರದ ಕೊಂಬೆ ಸವರುವ ಮರಗಸಿ ಎಂದು ಎರಡು ಕೆಲಸ. ಪ್ರತಿ ಮಗುವಿಗೆ ಪ್ರತಿ ಕೆಲಸ ಜೋಡಿಯಾದ ಕಾರಣ ಆರು ಗಿಡ್ಡಪ್ಪಂದಿರು ಜನಿಸಿದರು. ಆರು ಸಲ ಹೆಸರು ಕೂಗಲಾಯಿತು. ಆರು ಸಲವೂ ಅವನು ‘ಓ’ ಎಂದನು. ವಿಚಾರಿಸಲಾಗಿ, “ಕರೆದ್ರೆ ಓ ಅನ್ನದೆ ಇರಕ್ಕಾಗುತ್ತಾ ಮಾರಾಯ್ರೇ?” ಎಂದನು. ಈ ಹೇಳಿಕೆಯಲ್ಲಿ ದೋಷ ಕಂಡುಬಂದಿಲ್ಲ.

೩. ಬಸಮ್ಮನವರಿಗೆ ಮಕ್ಕಳಿಲ್ಲ. ಆದ್ದರಿಂದ ಮಕ್ಕಳ ಕೋಷ್ಟಕದಲ್ಲಿ ಅವರಿಗೆ ಜೋಡಿ ಸಿಗಲಿಲ್ಲ. ಜೋಡಿ ಸಿಗದ ಕಾರಣ ತಾವು ಅವರನ್ನೇ ಕೈಬಿಟ್ಟಿರಿ. ಕೊನೆಯ ಹೆಸರಿನವರೆಗೂ ಕಾದು ನಿಂತ ಅವರೆದುರಿಗೇ ಚಿ. ದರ್ಶನ್, “ಸಿಸ್ಟಮ್ ತಪ್ಪು ಮಾಡಲ್ಲ ರೈಟ್ರೇ. ಅಜ್ಜಿಗೆ ಒಂದಾದ್ರೂ ಮಗು ಇದ್ದಿದ್ರೆ ಬರ್ತಿತ್ತು” ಎಂದನು.

“ಇಲ್ಲ ಅಂತ ನಂಗೆ ಗೊತ್ತಿತ್ತು ಮಗಾ. ನಿನ್ನ ಮಿಷನ್ ಬೇರೆ ಹೇಳ್ಬೇಕಿತ್ತಾ?” ಎಂದರು ಬಸಮ್ಮನವರು.

೪. ಗಿಡ್ಡಪ್ಪನು ಹಿಂತಿರುಗಿಸಿದ ಕಂಬಳಿಗಳಲ್ಲಿ ಒಂದನ್ನು ನೀಡಹೋದರೆ, “ಅವನ ಹೆಸರಿಂದು ನಂಗ್ಯಾಕೆ? ನನ್ನ ಹೆಸ್ರು ಕೂಗಿ, ಬರ್ತೀನಿ” ಎಂದು ಗೋಣಿಕೊಪ್ಪೆ ಹೊದ್ದು ಕಳೆಗೆ ಹೋದರು. ಮಳೆ ಹಿಡಿದಿದೆ. ಗೋಣಿ ನೆನೆಯುತ್ತದೆ. ತಾವು ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಚ್ಚಗಿದ್ದೀರಿ.

ಆದ್ದರಿಂದ, ಬಸಮ್ಮನವರು ಅರವತ್ತು ದಾಟಿದ ಈ ಪ್ರಾಯದಲ್ಲಿ ಒಂದು ಮಗುವನ್ನು ಹೆತ್ತು ತಮ್ಮ ಕೋಷ್ಟಕ ತುಂಬಲು ಕಾಲಾವಕಾಶ ನೀಡಬೇಕಾಗಿ, ಇಲ್ಲವೇ ತಾವು ಎಣಿಸುವುದನ್ನು ಕಲಿಯಬೇಕಾಗಿ ಕೋರುತ್ತೇನೆ. ಎರಡರಲ್ಲಿ ತಮಗೆ ಸುಲಭವಾದದ್ದನ್ನು ಮಂಜೂರು ಮಾಡುವುದು.

ತಮ್ಮಲ್ಲಿ ಇನ್ನೂ ವಿಶ್ವಾಸ ಮೂಡದ,
ಚಂದ್ರಶೇಖರಪ್ಪ

ಲಗತ್ತುಗಳು:
೧. ಗಿಡ್ಡಪ್ಪ, ಒಬ್ಬನೇ.
೨. ಹೆಚ್ಚುವರಿ ಕಂಬಳಿ, ಐದು.
೩. ಬಸಮ್ಮನವರನ್ನು ಲಗತ್ತಿಸಿಲ್ಲ. ಹೆಸರು ಕೂಗಿದರೆ ಬರುವರು.

ಷರಾ: ಈ ಅರ್ಜಿಯನ್ನು ನಾನು ತಮ್ಮೆದುರು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ, ಚಿ. ದರ್ಶನ್ ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಂಡು ಕೇಳಿದ್ದು: “ರೈಟ್ರೇ, ಆ ಹಳ್ಳ ದಾಟಿದ್ದು ಇನ್ನೊಂದ್ಸಲ ಹೇಳಿ. ಒಲೆ ಮುಂದೆ ನಿಂತು ಎಣಿಸಿದ್ರಲ್ಲ, ಅಲ್ಲಿಂದ. ಸ್ವಲ್ಪ ನಿಧಾನಕ್ಕೆ.”