ಸಹಿಗೆ ಮುಂಚೆ ಪಾಠ ಒಪ್ಪಿಸಬೇಕು

ಹುಬ್ಬಳ್ಳಿಯಲ್ಲಿ ಮಿದುಳು, ಬೆನ್ನುಹುರಿಯ ಆಪರೇಶನ್ ಮಾಡುವ ನಮ್ಮ ಸೋದರಮಾವನಷ್ಟು ದಡ್ಡ ಡಾಕ್ಟರು ಸುತ್ತ ಮೂರು ತಾಲೂಕಿನಲ್ಲಿ ಇಲ್ಲವೆಂಬುದು ನಮ್ಮೂರು ಸಂಶಿಯ ತೀರ್ಮಾನ. ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲರಿ’ ಎನ್ನುವ ಡಾಕ್ಟರನ್ನು ಯಾರು ತಾನೇ ಜಾಣನೆಂದಾರು?

ಅವನದೊಂದು ಪದ್ಧತಿ ಇದೆ. ಆಪರೇಶನ್ನಿನಿಂದ ಏನೇನು ಕೆಡಬಹುದೆಂದು ಅವನು ಹೇಳುತ್ತಾನೆ. ರೋಗಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಒಪ್ಪಿಸಬೇಕು. ತಪ್ಪಿದರೆ ಒಪ್ಪಿಗೆ ಕಾಗದಕ್ಕೆ ಸಹಿ ಇಲ್ಲ! ತಂಬೂರು ಹಳ್ಳಿಯ ಅಜ್ಜನೊಬ್ಬ ನಾಲ್ಕು ಸಲ ನಪಾಸಾದ.

“ನಿಮ್ಮ ಕೈಗುಣ ಛಲೋ ಐತಂತ ಬಂದೇನ್ರಿ. ಹೆಬ್ಬಟ್ಟು ಎಲ್ಲಿ ಒತ್ತಲಿ, ಅಷ್ಟ ಹೇಳ್ರಿ.”

“ಕೈಗುಣ ಬಿಡು ಯಜ್ಜಾ. ಒಂದು ಕಾಲು ಹೋಗಬಹುದು ಅಂದೆನಲ್ಲ, ಯಾವ ಕಾಲು?”

ಅಜ್ಜ ಬಹಳ ಯೋಚಿಸಿ, “ನಿಮಗ ಯಾವದು ಅನುಕೂಲ ಆಗತೈತೋ ಅದರಿ” ಎಂದ.

ಬೆನ್ನುನೋವೆಂದು ಹೋದ ನಮ್ಮ ಕಾಕಾಗೆ, “ಆಪರೇಶನ್ ಬ್ಯಾಡ, ದಿನಾ ನಡೀರಿ” ಎಂದುಬಿಟ್ಟ. “ಸ್ವಂತ ಬೀಗರಂತ ಚಾಕು ಸುದ್ದಾ ಮುಟ್ಟಲಿಲ್ಲ!” ಎಂದು ಕಾಕಾ ಊರೆಲ್ಲ ನಡೆದಾಡಿ ದೂರಿದ. ಬೆನ್ನುನೋವು ಹೋಯಿತು, ಸಿಟ್ಟು ಹೋಗಲಿಲ್ಲ.

ಹೋದ ವರ್ಷ ನಮ್ಮ ಅವ್ವನ ತಲೆಯಲ್ಲಿ ಗಡ್ಡೆ ಕಾಣಿಸಿತು, ಮಾತಾಡಿಸುವ ಭಾಗಕ್ಕೆ ಅಂಟಿಕೊಂಡೇ. ತಾಯಿಯಿಲ್ಲದ ಈ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳು. ನೀನೇ ಮಾಡು ಎಂದು ಹಟ ಹಿಡಿದಳು.

“ನಾ ಮಾಡೂದಿಲ್ಲ ಅಕ್ಕಾ. ನಿನ್ನ ತಲಿ ಅಂದ್ರ ನನ್ನ ಕೈ ನಡಗತಾವು. ನಡಗೂ ಕೈ ನಿನಗ ಬ್ಯಾಡ. ನನ್ನ ಜೋಡಿ ಇರೋ ಡಾಕ್ಟರ್ ಮೇಡಂ ಮಾಡ್ತಾರ.”

ಕಲ್ಲೆದೆಯವನೆಂದು ನಾವೆಲ್ಲ ಬೈದೆವು. ನಾನೂ ಬೈದೆ. ಅವನು ಕಾಗದ ತಂದು, ಮೇಡಂ ಎದುರಿಗೇ ಅಕ್ಕನಿಗೂ ಪಾಠ ಹೇಳಿದ.

ಅವ್ವ ತಡವರಿಸದೆ ಒಪ್ಪಿಸಿದಳು. “ಬಲಗೈ ಸೋಲಬಹುದು. ಮಾತು ಹೋಗಬಹುದು. ಜೀವಾನೂ ಹೋಗಬಹುದು.”

ಒಂದಕ್ಷರ ತಪ್ಪಿರಲಿಲ್ಲ. ಆದರೂ ಅವನು ಕಾಗದ ಕೊಡಲಿಲ್ಲ. “ಇನ್ನೊಮ್ಮೆ ಹೇಳು” ಎಂದ. ಹೇಳಿದಳು. “ಇನ್ನೊಮ್ಮೆ.” ಮತ್ತೆ ಹೇಳಿದಳು.

“ಇನ್ನೊಮ್ಮೆ, ಅಕ್ಕಾ.”

ಅವನು ಕೇಳುತ್ತಿದ್ದದ್ದು ಪಾಠವನ್ನಲ್ಲ, ಅವಳ ದನಿಯನ್ನು. ಅದು ನನಗೆ ಆಗ ಹೊಳೆಯಿತು, ಬೈದದ್ದಕ್ಕೆ ನಾಚಿಕೆಯಾಯಿತು. ಅವ್ವನಿಗೆ ನನಗಿಂತ ಮೊದಲೇ ಹೊಳೆದಿರಬೇಕು. ಪೆನ್ನು ಕೆಳಗಿಟ್ಟು ಅವನ ಎರಡೂ ಕೈ ಹಿಡಿದುಕೊಂಡಳು.

“ಮುಂಜಾನಿಂದ ಏನರ ಉಂಡಿಯೇನೋ ತಮ್ಮಾ?” ಎಂದಳು.

ಡಾಕ್ಟರ್ ಮಾವ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.